ಬಲಗಡೆ ಇನ್ನಿಬ್ಬರು

ಫೆಬ್ರವರಿ 3, ಸೋಮವಾರ

ಪ್ರಿಪರೇಟರಿ ಪೇಪರ್ ಇನ್ನೂ ಒಂದು ಕಟ್ಟು ಬಾಕಿ. ಹತ್ತನೇ ಕ್ಲಾಸಿನವರು ಪೈಥಾಗೊರಸ್‌ನನ್ನು ಎಷ್ಟು ಥರ ಸಾಯಿಸಬಹುದೋ ಅಷ್ಟೂ ಥರ ಸಾಯಿಸಿದ್ದಾರೆ. ಕೆಂಪು ಪೆನ್ನು ಮುಗಿಯಿತು. ಹಸಿರಿನಲ್ಲಿ ತಿದ್ದಿದೆ. ಹೆಡ್‌ಮಾಸ್ಟರ್ ಏನಾದರೂ ಅಂದುಕೊಳ್ಳಲಿ.

ಸಂಜೆ ಮುಳಬಾಗಿಲಿನಿಂದ ಭಾರತಮ್ಮನ ಫೋನ್. ಇವರ ಅಕ್ಕ. ಹಲೋ ಇಲ್ಲ, ಊಟ ಆಯಿತಾ ಇಲ್ಲ.

"ಧನುಗೆ ಒಂದು ಸಂಬಂಧ ಐತೆ ಕಣೇ ರಜನಿ. ಕೋಲಾರ. ಒಬ್ನೇ ಮಗ. ಸ್ವಂತ ಬಿಸಿನೆಸ್ಸು. ಮುಖ್ಯವಾದ ಮಾತು ಕೇಳು… ಅವ್ರು ಜಾತಕ ನೋಡಲ್ಲ."

ಪೆನ್ನು ನಿಂತಿತು. ಧನಶ್ರೀಗೆ ಇಪ್ಪತ್ತಾರು. ಮೂಲಾ ನಕ್ಷತ್ರ, ಮಾವನಿಗೆ ಆಗದು ಅಂತ ಬಂದ ಸಂಬಂಧವೆಲ್ಲ ಕಾಫಿ ಕುಡಿದು ಎದ್ದು ಹೋದವೇ. ನನ್ನ ಮಗಳು ಬಿ.ಫಾರ್ಮ ಓದಿ ಇಲ್ಲೇ ಮಾಲೂರಿನ ಮೆಡಿಕಲ್ ಶಾಪಿನಲ್ಲಿ ದುಡಿಯುತ್ತಾಳೆ. ಜನರಿಗೆ ಮಾತ್ರೆ ಕೊಡುವವಳು, ಯಾರ ಮಾವನನ್ನೂ ಕೊಲ್ಲುವವಳಲ್ಲ. ಹೇಳಿದರೆ ಯಾರು ಕೇಳುತ್ತಾರೆ.

ಬರಲಿ ಅಂದೆ.

ಫೆಬ್ರವರಿ 9, ಭಾನುವಾರ

ಬಂದರು. ನೋಡಿದರು. ಕಾಫಿ ಕುಡಿದ ಮೇಲೂ ಕೂತಿದ್ದರು! ಅದೇ ಮೊದಲ ಆಶ್ಚರ್ಯ.

ಹುಡುಗ ನಂದೀಶ್, ಮೆತ್ತಗಿನ ಮಾತು. ಅವನ ಅಪ್ಪ ಭೀಮರಾಜ್‌ಗೆ ಮೆತ್ತಗಿನದು ಏನೂ ಇಲ್ಲ. ಈ ಬಿಸಿಲಿನಲ್ಲಿ ಕೋಟು. ಎರಡು ಕೈಗೂ ಉಂಗುರ. ಏನು ಬಿಸಿನೆಸ್ ಅಂತ ಕೇಳಿದೆ.

"ನೆಟ್‌ವರ್ಕ್, ಮೇಡಂ."

ಕೇಬಲ್ ಟಿವಿ ಅಂದುಕೊಂಡೆ. ಅಲ್ಲ. ಪ್ರೋಟೀನ್ ಪೌಡರ್, ಸೋಪು, ಯಾವುದೋ ಬೇರಿನ ರಸ. ಅದನ್ನು ಕೊಳ್ಳುವವರನ್ನು ಸೇರಿಸಬೇಕು, ಅವರು ಇನ್ನಷ್ಟು ಜನರನ್ನು ಸೇರಿಸಬೇಕು. ಕಾಂಪೆನ್ಸೇಷನ್ ಪ್ಲಾನ್ ಅಂತ ಒಂದು ಬಣ್ಣದ ಪುಸ್ತಿಕೆ ನನ್ನ ಕೈಗಿಟ್ಟರು. "ನಾನು ಜಾತಕ ನಂಬಲ್ಲ ಮೇಡಂ. ಚಾರ್ಟ್ ನಂಬ್ತೀನಿ. ನೀವು ಮ್ಯಾಥ್ಸ್ ಟೀಚರ್. ನೀವೇ ಕೂತ್ಕೊಂಡು ನೋಡಿ."

ಧನು, ನಂದೀಶ್ ಟೆರೇಸಿಗೆ ಹೋಗಿ ಮಾತಾಡಿದರು. ಇಳಿದು ಬಂದಾಗ ಅವಳ ಮುಖ ನೋಡಬೇಕಿತ್ತು.

"ನಿಂಗೇನ್ ಬೇಕು ಅಂತ ಕೇಳ್ದ ಅಮ್ಮ. ಇಲ್ಲೀವರ್ಗೂ ಒಬ್ರೂ ಕೇಳಿರ್ಲಿಲ್ಲ."

ಸ್ವಂತ ಮೆಡಿಕಲ್ ಶಾಪು ಬೇಕು ಅಂದಳಂತೆ. ಕೋಲಾರದಲ್ಲೇ ಹಾಕೋಣ ಅಂದನಂತೆ. ಸಂಜೆಯೆಲ್ಲ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದಳು. ಕೇಳಿ ಎಷ್ಟು ವರ್ಷವಾಗಿತ್ತೋ. ಒಳಗೆ ಹೋಗಿ ಅತ್ತುಬಿಟ್ಟೆ, ಸುಮ್ಮನೆ.

ಫೆಬ್ರವರಿ 11, ಮಂಗಳವಾರ

ಬಂದರೆ ಎಲ್ಲ ಒಟ್ಟಿಗೇ. ಶ್ರೀನಿವಾಸಪುರದಿಂದ ಇನ್ನೊಂದು ಫೋಟೋ. ಗೋಪಿ. ಮನೆಯವರದು ಮಾವಿನ ಮಂಡಿ. ಒಂದು ಶಾಂತಿ ಮಾಡಿಸಿದರೆ ಮೂಲಾ ಆದರೂ ಸರಿಯಂತೆ. ಮಾವಿನ ಸೀಸನ್ ಮುಗಿದ ಮೇಲೆ ಹುಡುಗ ಏನು ಮಾಡುತ್ತಾನೆ? ನೆಟ್‌ವರ್ಕ್. ಬೇರೆ ಕಂಪನಿ. ಈ ಜಿಲ್ಲೆಯಲ್ಲಿ ಇನ್ನು ಯಾವ ಕೆಲಸವೂ ಉಳಿದಿಲ್ಲವೇ?

ವಾಟ್ಸ್ಯಾಪಿನಲ್ಲಿ ಅವರ ಪ್ಲಾನೂ ಬಂತು, ಪಿಡಿಎಫ್.

ಇವರು ಸೆಕೆಂಡ್ ಶಿಫ್ಟಿಗೆ ಹೊರಟವರು ಬಾಗಿಲಲ್ಲಿ ನಿಂತು, "ಜಾತಕ ನೋಡೋಕೆ ಜೋಯಿಸರು ಬೇಕು. ಇದಕ್ಕೆ ನೀನಿದ್ದೀಯ. ಎರಡೂ ನೋಡಿ ಯಾವ್ದು ಒಳ್ಳೇದು ಹೇಳು" ಅಂದರು. ಚಂದ್ರಮೋಹನ್ ಜೀವನದಲ್ಲಿ ಮೊದಲ ಸಲ ನನ್ನ ಲೆಕ್ಕಕ್ಕೆ ಬೆಲೆ ಕೊಟ್ಟದ್ದು. ಉಬ್ಬಿದೆ, ನಿಜ ಹೇಳಬೇಕೆಂದರೆ.

ಫೆಬ್ರವರಿ 13, ಗುರುವಾರ

ಕೂತೆ. ಎರಡು ಪ್ಲಾನ್, ಒಂದು ಹಾಳೆ, ನಡುವೆ ಗೆರೆ.

ಕೋಲಾರದ್ದು ಬೈನರಿ. ಒಬ್ಬರ ಕೆಳಗೆ ಇಬ್ಬರೇ. ಎಡಗಡೆ ಒಬ್ಬರು, ಬಲಗಡೆ ಒಬ್ಬರು. ಅವರ ಕೆಳಗೆ ಮತ್ತೆ ಇಬ್ಬಿಬ್ಬರು. ಎಡಗಡೆಯ ಜನಕ್ಕೂ ಬಲಗಡೆಯ ಜನಕ್ಕೂ ಜೋಡಿ ಕೂಡಿದಷ್ಟಕ್ಕೆ ಮಾತ್ರ ಕಮಿಷನ್. ಒಂದು ಕಡೆ ಸಾವಿರ ಜನ ಇದ್ದು ಇನ್ನೊಂದು ಕಡೆ ಹತ್ತೇ ಇದ್ದರೆ ಹತ್ತಕ್ಕೇ ದುಡ್ಡು. ಬಡವಾದ ಕಡೆಯೇ ಲೆಕ್ಕ. ದಿನಕ್ಕೊಂದು ಮಿತಿ, ಅದನ್ನು ಮೀರಿದ್ದು ತೊಳೆದು ಹೋಗುತ್ತದೆ.

ಶ್ರೀನಿವಾಸಪುರದ್ದು ಯೂನಿಲೆವೆಲ್. ಕೆಳಗೆ ಎಷ್ಟು ಜನರನ್ನಾದರೂ ಸೇರಿಸಬಹುದು. ಮೊದಲ ಸಾಲಿನವರು ಕೊಂಡಿದ್ದಕ್ಕೆ ಹತ್ತು ಪರ್ಸೆಂಟ್, ಎರಡನೆಯದಕ್ಕೆ ಐದು, ಹಾಗೇ ಇಳಿಯುತ್ತಾ ಹೋಗಿ ಆರನೇ ಸಾಲಿಗೆ ಅರ್ಧ ಪರ್ಸೆಂಟ್. ಆದರೆ ತಿಂಗಳು ತಿಂಗಳು ನಾವೂ ಕೊಳ್ಳಲೇಬೇಕು. ಒಂದು ತಿಂಗಳು ತಪ್ಪಿದರೆ ಅಷ್ಟೂ ಕೈಬಿಟ್ಟಂತೆ.

ಮಾರ್ಕ್ಸ್ ಹಾಕಿದೆ, ಅಭ್ಯಾಸ ಬಲ. ಆದಾಯಕ್ಕೆ ಇಷ್ಟು, ಭದ್ರತೆಗೆ ಇಷ್ಟು, ಕೈಯಿಂದ ಹಾಕುವುದಕ್ಕೆ ಮೈನಸ್. ಬೈನರಿ ನೂರಕ್ಕೆ 62. ಯೂನಿಲೆವೆಲ್ 54.

ಆಮೇಲೆ ಸುಮ್ಮನೆ ಎರಡನ್ನು ಎರಡರಿಂದ ಗುಣಿಸುತ್ತಾ ಹೋದೆ. ಇಪ್ಪತ್ತನೆಯ ಸಾಲಿಗೆ ಹತ್ತು ಲಕ್ಷ ಜನ ದಾಟಿದರು. ಮೇಲಿನ ಸಾಲುಗಳನ್ನೂ ಕೂಡಿಸಿದರೆ ನಮ್ಮ ಜಿಲ್ಲೆ ಪೂರ್ತಿ, ತೊಟ್ಟಿಲ ಕೂಸೂ ಸೇರಿ, ಸಾಲುವುದಿಲ್ಲ. ಕಡೆಯ ಸಾಲಿನವರಿಗೆ ಕೆಳಗೆ ಯಾರೂ ಇರುವುದಿಲ್ಲ. ಯಾವಾಗ ನಿಲ್ಲಿಸಿದರೂ ಅರ್ಧಕ್ಕಿಂತ ಹೆಚ್ಚು ಜನ ಕಡೆಯ ಸಾಲಿನಲ್ಲೇ ಇರುತ್ತಾರೆ. ಹೈಸ್ಕೂಲ್ ಲೆಕ್ಕ ಇದು.

ಆದರೆ ಭೀಮರಾಜ್ ಮೇಲಿದ್ದಾರೆ. ಮೊದಲೇ ಸೇರಿದವರು. ಧನು ಮೇಲಿನ ಮನೆಗೇ ಹೋಗುತ್ತಾಳೆ. ಕೆಳಗಿನವರು ಯಾರೋ ಏನೋ.

ಕೋಲಾರ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಫೆಬ್ರವರಿ 16, ಭಾನುವಾರ

ಒಪ್ಪಿಗೆ ಹೇಳಿಯಾಯಿತು. ಧನು ನನ್ನ ಹಾಳೆ ಫೋಟೋ ತೆಗೆದು ಇಟ್ಟುಕೊಂಡಳು. ನೀನು ಲೆಕ್ಕ ಹಾಕಿದ ಮೇಲೆ ಮುಗೀತು ಅಮ್ಮ ಅಂದಳು.

ಭೀಮರಾಜ್ ಹಾಲ್ ಬುಕಿಂಗಿಗೆ ಅಂತ ಮೂವರದೂ ಆಧಾರ್, ಪ್ಯಾನ್ ಕೇಳಿದರು. ಹಾಲಿಗೆ ಪ್ಯಾನ್ ಯಾಕೆ? ಇವರು ಆಗಲೇ ಕಳಿಸಿಬಿಟ್ಟಿದ್ದಾರೆ. ಎಲ್ಲ ಖರ್ಚು ಅವರದೇ ಅಂತೆ, ಹೆಣ್ಣಿನ ಕಡೆಯವರು ಬಂದು ಊಟ ಮಾಡಿದರೆ ಸಾಕಂತೆ. ಇಂಥ ಬೀಗರು ಯಾರಿಗೆ ಸಿಗುತ್ತಾರೆ ಅಂತ ಭಾರತಮ್ಮ ಫೋನಿನಲ್ಲಿ ಮೂರು ಸಲ ಹೇಳಿದಳು.

ಮಾರ್ಚ್ 9, ಭಾನುವಾರ, ಸಂಜೆ

ಈಗ ಬಂದೆವು. ಕಾಲು ಊದಿದೆ. ನಿಶ್ಚಿತಾರ್ಥ ಚೆನ್ನಾಯಿತು… ಚೆನ್ನಾಯಿತು ಅಂತಲೇ ಬರೆಯುತ್ತೇನೆ. ಧನು ಹಸಿರು ಸೀರೆಯಲ್ಲಿ ಎಷ್ಟು ಚೆನ್ನಾಗಿದ್ದಳು.

ಒಂದೇ ಒಂದು ಮನಸ್ಸಿಗೆ ಬರಲಿಲ್ಲ. ನಮ್ಮ ಕಡೆ ಮುಯ್ಯಿ ದುಡ್ಡು ಓದಿಸುವುದು ಮದುವೆಯ ದಿನ. ನಿಶ್ಚಿತಾರ್ಥಕ್ಕೆ ಯಾರೂ ಓದಿಸುವುದಿಲ್ಲ. ಇಲ್ಲಿ ಹಾಲಿನ ಬಾಗಿಲಲ್ಲೇ ಮೇಜು, ಮೈಕು. ಟೈ ಕಟ್ಟಿದ ಮೂರು ಜನ ಟ್ಯಾಬ್ ಹಿಡಿದು ಕೂತಿದ್ದರು. "ಮಾಸ್ತಿ ಮುತ್ಯಾಲಮ್ಮನೋರು, ಮದುಮಗಳ ಅಜ್ಜಿ, ಎರಡು ಸಾವಿರ" ಅಂತ ಮೈಕಿನಲ್ಲಿ ಕೂಗಿದ ಮೇಲೆ ಯಾರು ಹಿಂದೆ ಉಳಿಯುತ್ತಾರೆ. ಇಡೀ ಬಳಗ ಸಾಲು ನಿಂತಿತು. ಹೆಸರು, ಊರು, ಫೋನ್ ನಂಬರ್. ಥ್ಯಾಂಕ್ಯೂ ಮೆಸೇಜ್ ಬರುತ್ತೆ, ಒಟಿಪಿ ಹೇಳಿ ಅಂದರು. ಹೇಳಿದರು. ಶುರು ಮಾಡಿದ್ದೇ ಹುಡುಗಿಯ ಅಪ್ಪ ಅಮ್ಮ, ಅಂದರೆ ನಾವು. ನಾನೂ ಒಟಿಪಿ ಹೇಳಿದೆ.

ನಮ್ಮ ಕಡೆಯವರ ಮುಯ್ಯಿ ನಮಗೆ ಬರಬೇಕು. ಕೇಳಿದೆ. "ಎಲ್ಲಾ ಮಗೂಗೇ ಹೋಗುತ್ತೆ ಮೇಡಂ" ಅಂದರು ಭೀಮರಾಜ್. ಖರ್ಚು ಅವರದು, ಜಗಳ ಬೇಡ ಅಂತ ಇವರು ಸೆರಗು ಜಗ್ಗಿದರು.

ತಾಂಬೂಲದ ಬ್ಯಾಗು ಎಷ್ಟು ಭಾರ ಇತ್ತು. ತೆಂಗಿನಕಾಯಿ ಅಲ್ಲ. ಪೌಡರ್ ಡಬ್ಬ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 8

ಸ್ಕೂಲಿಗೆ ರಜೆ ಹೇಳಿದೆ.

ಪಕ್ಕದ ಮನೆಯ ಅಮೀನಾ ಬೀ ಬಂದಿದ್ದರು. ಧನು ಹುಟ್ಟಿದಾಗ ನನಗೆ ಬಾಣಂತನ ಮಾಡಿದವರು. ಮಗಳು ಮಹೆಕ್ ಜೊತೆಗಿದ್ದಳು, ಫೋನ್ ಹಿಡಿದು.

"ಏನಮ್ಮಾ ರಜನಿ, ನಾನು ಮಗೂಗೆ ಅಂತ ಕೊಟ್ಟಿದ್ದು. ಇವ್ಳು ನೋಡಿ ಏನೋ ಕಂಪನಿ ಅಂತಾಳೆ."

ಮಹೆಕ್ ಓದಿದಳು. "ಕುಟುಂಬಕ್ಕೆ ಸ್ವಾಗತ. ನಿಮ್ಮ ಜಾಯಿನಿಂಗ್ ಕಿಟ್ ತಲುಪಿದೆ. ನಿಮ್ಮ ಸ್ಪಾನ್ಸರ್, ರಜನಿ ಚಂದ್ರಮೋಹನ್. ನಿಮ್ಮ ಸ್ಥಾನ, ಬಲ."

ನನ್ನ ಹೆಸರು. ನಾನು ಯಾರನ್ನೂ ಸೇರಿಸಿಲ್ಲ. ನನ್ನ ಫೋನ್ ತೆಗೆದೆ. ನಿನ್ನೆ ಬಂದ ಥ್ಯಾಂಕ್ಯೂ ಮೆಸೇಜ್ ಓದಿರಲೇ ಇಲ್ಲ. ಕೆಳಗೊಂದು ಲಿಂಕ್. ಒತ್ತಿದರೆ ಮರದ ಹಾಗೆ ಚಿತ್ರ. ಮೇಲೆ ನಂದೀಶ್. ಅವನ ಬಲಕ್ಕೆ ಧನಶ್ರೀ. ಧನುವಿನ ಎಡಕ್ಕೆ ಇವರು, ಬಲಕ್ಕೆ ನಾನು. ಇವರ ಕೆಳಗೆ ಇವರ ಬಳಗ ಪೂರ್ತಿ. ನನ್ನ ಎಡಕ್ಕೆ ನನ್ನ ಅಮ್ಮ. ನನ್ನ ಬಲಕ್ಕೆ ಅಮೀನಾ ಬೀ. ಅವರ ಕೆಳಗೆ ಸ್ಕೂಲಿನ ಟೀಚರುಗಳು, ಹಾಲು ಹಾಕುವವಳು, ಟೇಕಲ್‌ನ ಚಿಕ್ಕಪ್ಪನ ಮಕ್ಕಳು…

ಕೆಳಗಿನವರು ಯಾರೋ ಏನೋ ಅಂತ ಬರೆದಿದ್ದೆನಲ್ಲ. ಇವರೇ.

ಅಮೀನಾ ಬೀ ನನ್ನ ಮುಖವನ್ನೇ ನೋಡುತ್ತಿದ್ದರು. ನಂಗೊತ್ತಿಲ್ಲ ಅಂದೆ. ನಂಬಿದರೋ ಇಲ್ಲವೋ. ಕಾಫಿ ಬೇಡ ಅಂದು ಹೋದರು. ಆ ಮನೆಯವರು ನನ್ನ ಕಾಫಿ ಬೇಡ ಅಂದದ್ದು ಇದೇ ಮೊದಲು.

ಅದೇ ದಿನ, ಮಧ್ಯಾಹ್ನ

ಭೀಮರಾಜ್‌ಗೆ ಫೋನ್ ಮಾಡಿದೆ. ಬಾಯಿಗೆ ಬಂದಂತೆ ಬೈದೆ. ಕೇಳಿಸಿಕೊಂಡರು. ಆಮೇಲೆ ಆರಾಮಾಗಿ:

"ಮೇಡಂ, ಮುಯ್ಯಿ ಅಂದ್ರೇನು? ಇವತ್ತು ನೀವು ಹಾಕ್ತೀರ. ನಾಳೆ ನಿಮ್ಮನೇಗೆ ವಾಪಸ್ ಬರುತ್ತೆ, ಸ್ವಲ್ಪ ಜಾಸ್ತೀನೇ ಬರುತ್ತೆ. ನಮ್ ತಾತಂದಿರು ಮಾಡ್ತಿದ್ದದ್ದೇ ಅಲ್ವಾ? ನಾನು ಆ್ಯಪಿಗೆ ಹಾಕ್ದೆ, ಅಷ್ಟೇ."

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಬಾಯಿಗೆ ಒಂದು ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ. ಮುಯ್ಯಿಗೆ ಎರಡು ಮನೆ ಸಾಕು. ಅವರ ಮದುವೆಗೆ ನಾವು, ನಮ್ಮ ಮದುವೆಗೆ ಅವರು. ಕಡೆಯ ಸಾಲು ಅಂತ ಒಂದು ಇರುವುದಿಲ್ಲ. ಫೋನ್ ಇಟ್ಟ ಮೇಲೆ ಹೊಳೆದು ಏನು ಪ್ರಯೋಜನ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆಯಿಂದ ಫೋನ್. ಒಬ್ಬೊಬ್ಬರಿಗೂ ಕ್ಷಮೆ ಕೇಳೋಣ, ನಿಶ್ಚಿತಾರ್ಥ ಮುರಿಯುತ್ತೇವೆ ಅಂತ ಹೇಳೋಣ ಅಂತ ನೀರು ಕುಡಿದು ಕೂತಿದ್ದೆ.

ಮೊದಲನೆಯದು ಟೇಕಲ್‌ನ ವೇಣುಗೋಪಾಲ್. ಚಿಕ್ಕಪ್ಪನ ಮಗ.

"ಅಕ್ಕಾ, ಒಳ್ಳೇ ಕೆಲ್ಸ ಮಾಡ್ದೆ ಕಣಕ್ಕ. ನನ್ ಕೆಳಗೆ ಆಗ್ಲೇ ಇಬ್ರು ಬಂದ್ರು. ನಮ್ ಬಾಮೈದ, ಅವನ ಫ್ರೆಂಡು. ಮದುವೆ ಡೇಟ್ ಫಿಕ್ಸ್ ಆಯ್ತಾ? ಅಲ್ಲೂ ಟೇಬಲ್ ಹಾಕ್ತಾರಲ್ಲ?"

ಮುರಿಯುತ್ತೇವೆ ಅಂದೆ.

"ಏ ಅಕ್ಕ, ತಮಾಷೆ ಬೇಡ. ಈಗ ಮುರಿದ್ರೆ ನಮ್ ಪೊಸಿಷನ್ ಏನಾಗ್ಬೇಕು?"

ಆಮೇಲೆ ಬಂದ ಫೋನೆಲ್ಲ ಅದೇ. ಯಾರಿಗೂ ಕೋಪವಿಲ್ಲ. ಕೋಪ ಬರುವುದು ಮುರಿಯುತ್ತೇವೆ ಅಂದಾಗ. ಭಾರತಮ್ಮ ಅಂತೂ ಅತ್ತೇಬಿಟ್ಟಳು. ಎರಡು ವರ್ಷದಿಂದ ಅವಳೂ ಭೀಮರಾಜ್ ಕೆಳಗೆ ಇದ್ದಾಳಂತೆ, ನಮ್ಮ ಬಲಗಡೆ ಬಡವಾಗಿದೆ ಅಂತ ಅವರು ಹೇಳುತ್ತಲೇ ಇದ್ದರಂತೆ. ಅದಕ್ಕೇ ಸಂಬಂಧ ತಂದಿದ್ದು. ಅಳುತ್ತಾ ಇದನ್ನೆಲ್ಲ ತಾನಾಗಿ ಹೇಳಿದಳು. ತಪ್ಪು ಅಂತ ಅವಳಿಗೆ ಹೊಳೆದೂ ಇಲ್ಲ. ಸೊಸೆಯಾಗಬೇಕಾದ ಹುಡುಗಿಯನ್ನು ಬಲಗಡೆಯ ತೂತು ಮುಚ್ಚಲು ತಂದಿದ್ದಾರೆ. ಜಾತಕ ನೋಡಲ್ಲ ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತು.

ಇವರನ್ನು ಕೇಳಿದೆ, ನಿಮಗೆ ಮೊದಲೇ ಗೊತ್ತಿತ್ತಾ ಅಂತ. ಶರ್ಟಿನ ಗುಂಡಿ ಹಾಕುತ್ತಾ ಇದ್ದರು.

"ಪೂರ್ತಿ ಗೊತ್ತಿರ್ಲಿಲ್ಲ."

ಪೂರ್ತಿ. ಇಪ್ಪತ್ತೇಳು ವರ್ಷದ ಸಂಸಾರ. ಇವರ ಬಟ್ಟೆ ಒಗೆಯದೆ ಹಾಗೇ ಬಿಟ್ಟೆ.

ಧನು ಎಲ್ಲವನ್ನೂ ಕೇಳಿಸಿಕೊಂಡು ಕೆಲಸಕ್ಕೆ ಹೋದಳು. ಡಬ್ಬಿ ತೆಗೆದುಕೊಂಡು ಹೋಗಲಿಲ್ಲ.

ಮಾರ್ಚ್ 13, ಗುರುವಾರ

ಮಾಸ್ತಿಯಿಂದ ಅಮ್ಮ ಬಸ್ಸಿನಲ್ಲಿ ಬಂದಳು, ಪೌಡರ್ ಡಬ್ಬ ಹಿಡಿದು. ಸೀಲ್ ಒಡೆದಿಲ್ಲ. ಜಗುಲಿಯ ಮೇಲೆ ಇಟ್ಟಳು.

"ಇದೇಮಿ ಪೆಂಡ್ಲಮ್ಮಾ, ಇದೆಂಥಾ ಮದುವೆ. ನಾನು ಮುಯ್ಯಿ ಹಾಕಿದ್ದು ಮೊಮ್ಮಗಳಿಗೆ. ಮದುವೆ ಇಲ್ದೆ ಮುಯ್ಯಿ ಇಟ್ಕಳ್ಳೋದು ಎಲ್ಲಾದ್ರೂ ಉಂಟಾ? ವಾಪಸ್ ಕೊಡ್ಸು. ಮದುವೆ ದಿನ ನಾನೇ ತಂದು ಹಾಕ್ತೀನಿ, ಯಾವನ ಜೊತೆ ಆದ್ರೂ."

ಇಡೀ ಬಳಗದಲ್ಲಿ ವಾಪಸ್ ಕೇಳಿದವಳು ಅವಳೊಬ್ಬಳೇ. ತಬ್ಬಿಕೊಂಡೆ. ನಾಚಿಕೊಂಡು ಕೈ ಬಿಡಿಸಿಕೊಂಡಳು.

ಸಂಜೆ ಧನು ನನ್ನ ಹತ್ತಿರ ಬಂದು ಕೂತಳು. ಫೋನಿನಲ್ಲಿ ನನ್ನ ಹಾಳೆಯ ಫೋಟೋ. ದೊಡ್ಡದು ಮಾಡಿ ನೋಡುತ್ತಿದ್ದಳು.

"ಆದಾಯಕ್ಕೆ ಮಾರ್ಕ್ಸ್ ಹಾಕಿದ್ದೀಯ. ಭದ್ರತೆಗೆ ಹಾಕಿದ್ದೀಯ. ಕಡೇ ಸಾಲಿನೋರಿಗೆ ಎಷ್ಟು ಹಾಕ್ದೆ ಅಮ್ಮ?"

ಆ ಕಾಲಂ ಇರಲೇ ಇಲ್ಲ.

"ನಿಂಗೆ ಗೊತ್ತಾಗಿತ್ತಾ?"

ಸುಳ್ಳು ಹೇಳಬಹುದಿತ್ತು. ಗೊತ್ತಾಗಿತ್ತು ಅಂದೆ. ನೀನು ಮೇಲಿರ್ತೀಯ ಅಂದುಕೊಂಡೆ ಅಂದೆ. ಫೋಟೋ ಮುಚ್ಚಿ ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 23, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಎಸ್‌ಎಸ್‌ಎಲ್‌ಸಿ ಡ್ಯೂಟಿ ಅಂತ ಒಂದು ನೆಪ. ಈ ಹತ್ತು ದಿನದಲ್ಲಿ ಮನೆಗೆ ಬಂದು ಧನುವಿಗೆ ಬುದ್ಧಿ ಹೇಳಿದವರಿಗೆ ಲೆಕ್ಕವಿಲ್ಲ. ಹುಡುಗ ಒಳ್ಳೆಯವನಂತೆ. ಹುಡುಗಿಗೆ ವಯಸ್ಸಾಯಿತಂತೆ. ಮೂಲಾ ಅಂತೆ. ಮೊದಲೆಲ್ಲ ಕಾರ್ಡು ಕೊಟ್ಟರೂ ಬಾರದ ಜನ.

ಇವತ್ತು ಬೆಳಿಗ್ಗೆ ಒಬ್ಬಳೇ ಕೋಲಾರಕ್ಕೆ ಹೋಗುತ್ತೇನೆ ಅಂದಳು. ನಾನು ಬರಲಾ ಅಂದೆ. ಬೇಡ ಅಂದಳು. ಸಂಜೆ ಬಂದಳು. ಬೆರಳಲ್ಲಿ ಉಂಗುರ ಇರಲಿಲ್ಲ.

ಮುಖ ತೊಳೆದು ಬಂದು ಹೇಳಿದಳು. ನಂದೀಶ್ ಬಸ್ ಸ್ಟ್ಯಾಂಡಿಗೆ ಬಂದಿದ್ದನಂತೆ. ಮೆಡಿಕಲ್ ಶಾಪಿಗೆ ನೋಡಿದ್ದ ಮಳಿಗೆ ತೋರಿಸಿದನಂತೆ. ಬೋರ್ಡು ಆಗಲೇ ಬಂದಿತ್ತಂತೆ, ಕಂಪನಿಯದು. ಮಾತ್ರೆ ಅಲ್ಲ, ಪೌಡರ್ ಡಬ್ಬ ಇಡುವ ಕಪಾಟು.

"ಅದಕ್ಕೂ ಸಿಟ್ಟು ಬರ್ಲಿಲ್ಲ ಅಮ್ಮ. ಪಾಪ, ಅವ್ನು ಕೆಟ್ಟೋನಲ್ಲ. ಒಂದೇ ಪ್ರಶ್ನೆ ಕೇಳ್ದೆ. ನಿಮ್ ಬಲಗಡೆ ಜನ ತುಂಬಿದ್ದಿದ್ರೆ, ಬಡವಾಗಿಲ್ದೇ ಇದ್ದಿದ್ರೆ, ನೀನು ನನ್ನ ನೋಡೋಕೆ ಬರ್ತಿದ್ದ್ಯಾ ಅಂತ."

"ಏನಂದ?"

"ಜೇಬಿಂದ ಫೋನ್ ತೆಗ್ದು ನೋಡ್ದ."

ಅಷ್ಟು ಹೇಳಿ ಅತ್ತಳು. ಹೆಣ್ಣು ನೋಡಲು ಬಂದವರೆಲ್ಲ ಎದ್ದು ಹೋದಾಗಲೂ ಅತ್ತವಳಲ್ಲ. ನನ್ನ ಎದೆಗೆ ಒರಗಿ ಮಗುವಿನ ಹಾಗೆ ಅತ್ತಳು. ಕಪಾಟಿನಿಂದ ಆ ಹಾಳೆ ತೆಗೆದು ಅವಳ ಮುಂದೆಯೇ ಹರಿದೆ. ಇನ್ನು ಈ ಮನೆಯಲ್ಲಿ ಅದರ ಮಾತಿಲ್ಲ ಅಂದೆ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 6

ಧನು ಇನ್ನೂ ಎದ್ದಿಲ್ಲ. ಮಲಗಿರಲಿ. ಅವಳಿಗೆ ಇಷ್ಟ ಅಂತ ಅಕ್ಕಿರೊಟ್ಟಿಗೆ ಕಲಸಿಟ್ಟೆ.

ಅಮೀನಾ ಬೀ ಮನೆಗೆ ಹೋಗಬೇಕು. ಅವರ ದುಡ್ಡು ನನ್ನ ಕೈಯಿಂದಲೇ ಕೊಟ್ಟುಬಿಡುತ್ತೇನೆ. ಅಮ್ಮನದೂ. ದುಡ್ಡು ವಾಪಸ್ ಬೇಡ ಅಂದವರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಹೇಳಬೇಕು, ಕಡೆಯ ಸಾಲಿನ ಲೆಕ್ಕ. ಬೋರ್ಡಿನ ಮೇಲೆ ಬರೆದು ಹೇಳುವ ಹಾಗೆ.

ಈಗ ಫೋನಿಗೆ ಮೆಸೇಜ್ ಬಂತು. ಬ್ಯಾಂಕಿನದು. ನನ್ನ ಅಕೌಂಟಿಗೆ ದುಡ್ಡು ಬಂದಿದೆ. ಆ ಕಂಪನಿಯಿಂದ. ನಾನು ಏನೂ ಮಾಡಿಲ್ಲ, ಸುಮ್ಮನೆ ಕೂತಿದ್ದೆ… ಒಂದು ತಿಂಗಳ ಸಂಬಳದ ಅರ್ಧ. ಇಷ್ಟು ಹೇಗೆ? ಲಿಂಕ್ ತೆಗೆದು ನೋಡಿದೆ. ವೇಣುಗೋಪಾಲನ ಕೆಳಗೆ ಇನ್ನೂ ಜನ ಬಂದಿದ್ದಾರೆ, ಅವರೆಲ್ಲ ನನ್ನ ಕೆಳಗೂ ಹೌದು. ಎಡಕ್ಕೆ 41. ಬಲಕ್ಕೆ 39. ಜೋಡಿ ಕೂಡಿದ್ದಕ್ಕೆ ಮಾತ್ರ ಕೊಡುತ್ತಾರೆ. ಎಡಗಡೆ ಇಬ್ಬರು ಸುಮ್ಮನೆ ಉಳಿದಿದ್ದಾರೆ. ಬಲಗಡೆ ಇನ್ನಿಬ್ಬರು ಬಂದರೆ ಮುಂದಿನ ಸ್ಲ್ಯಾಬ್, ಅಂದರೆ ತಿಂಗಳಿಗೆ ಇದರ ಎರಡರಷ್ಟು. ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರ್ ಇನ್ನೂ ಸೇರಿಲ್ಲ. ಮಹೆಕ್‌ಳನ್ನು ಕೇಳಿದರೆ

ಏನು ಬರೆಯುತ್ತಿದ್ದೇನೆ ನಾನು.

ಬೆನ್ನ ಹಿಂದೆ ಧನು. ಎದ್ದು ಬಂದು ಎಷ್ಟು ಹೊತ್ತಾಯಿತೋ. ಪುಟದ ಅಂಚಿನಲ್ಲಿ ನಾನು ಗೀಚಿದ ಮರವನ್ನೇ, ಬಲಗಡೆ ಖಾಲಿ ಬಿಟ್ಟ ಎರಡು ಸ್ಥಾನವನ್ನೇ ನೋಡುತ್ತಾ ನಿಂತಿದ್ದಾಳೆ.